ಎರಡನೇ ಬೀಗದಕೈ

ಅವತ್ತು ಆ ಮನೆಯಲ್ಲಿ ಫೋನಿನ ಮಾತು ಕಿವಿಗೆ ಬೀಳುವ ಜಾಗವೆಂದರೆ ಬಚ್ಚಲುಮನೆ ಒಂದೇ. ಹೊರಗೆ ಲೇಕ್ ಮಾರ್ಕೆಟ್ಟಿನ ಗಲ್ಲಿಯಲ್ಲಿ ದುರ್ಗಾಪೂಜೆಯ ಅಷ್ಟಮಿ. ಪೆಂಡಾಲಿನ ಧ್ವನಿವರ್ಧಕವನ್ನು ಯಾವ ಪುಣ್ಯಾತ್ಮನೋ ರತ್ನಾಕರನ ಅಡುಗೆಮನೆಯ ಕಿಟಕಿಗೇ ಮುಖಮಾಡಿ ಕಟ್ಟಿದ್ದ. ಮಂತ್ರ, ಢಾಕ್ ಡೋಲಿನ ಬಡಿತ, ಜನಜಂಗುಳಿಯಲ್ಲಿ ತಪ್ಪಿಸಿಕೊಂಡವರ ಹೆಸರು, ಎಲ್ಲವೂ ನೇರ ಮನೆಯೊಳಗೆ. ಹಾಗಾಗಿ ಬ್ಯಾಂಕಿನ ಸೀನಿಯರ್ ಮ್ಯಾನೇಜರ್ ರತ್ನಾಕರ ತನ್ನ ಐವತ್ತೆಂಟನೇ ವಯಸ್ಸಿನಲ್ಲಿ ಬಚ್ಚಲಿನೊಳಗೆ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ವಿಯೆಟ್ನಾಮಿನಿಂದ ಬಂದ ಕರೆಗೆ ಕಿವಿಗೊಟ್ಟಿದ್ದ.

ಮಾತಾಡುತ್ತಿದ್ದವಳು ಇಂಚರ. ಮಗಳು ಭವ್ಯಶ್ರೀಯ ಜೊತೆ ನ್ಯೂ ಟೌನಿನ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ. ಪೂಜೆಯ ರಜೆ ಸಿಕ್ಕಿತೆಂದು ಇಬ್ಬರೂ ಮೂರು ದಿನದ ಹಿಂದೆ ವಿಯೆಟ್ನಾಮ್ ನೋಡಲು ಹೋಗಿದ್ದರು.

"ಅಂಕಲ್, ಭವ್ಯಂಗೆ ಅಪೆಂಡಿಕ್ಸ್. ಒಡೆದುಹೋಗೋ ಹಾಗಿದೆಯಂತೆ, ಈಗ್ಲೇ ಆಪರೇಷನ್ ಮಾಡ್ಬೇಕು ಅಂತಿದಾರೆ. ಆದ್ರೆ ಅವಳು, ಚಿಕ್ಕವಳಿದ್ದಾಗ ಅನಸ್ತೇಶಿಯಾ ಕೊಟ್ಟು ಏನೋ ಆಗಿತ್ತು, ಅಪ್ಪನ ಹತ್ರ ಕಾರ್ಡ್ ಇದೆ ಅಂದ್ಲು. ಏನಾಗಿತ್ತು ಅಂತ ಗೊತ್ತಾಗ್ದೆ ಏನ್ ಕೊಟ್ರೂ ಅಪಾಯ ಅಂತಾರೆ ಡಾಕ್ಟ್ರು. ಕಾರ್ಡ್ ಫೋಟೋ ಕಳ್ಸಿ ಅಂಕಲ್, ಬೇಗ."

ಕಾರ್ಡು ಇತ್ತು. ಎಲ್ಲಿದೆ ಎಂಬುದೂ ಗೊತ್ತಿತ್ತು. ಅವನದೇ ಬ್ಯಾಂಕಿನ ಸ್ಟ್ರಾಂಗ್ ರೂಮಿನಲ್ಲಿ, ಅವನದೇ ಲಾಕರಿನಲ್ಲಿ, ಲ್ಯಾಮಿನೇಟ್ ಆಗಿ, ಗಾಳಿ ಬೆಳಕು ಸೋಕದೆ ಕೂತಿತ್ತು.

ಭವ್ಯಶ್ರೀಗೆ ಆರು ವರ್ಷವಾಗಿದ್ದಾಗ ಉಡುಪಿಯ ಒಂದು ನರ್ಸಿಂಗ್ ಹೋಮಿನಲ್ಲಿ ಟಾನ್ಸಿಲ್ ತೆಗೆಯಲು ಹೋಗಿ ಜೀವಕ್ಕೇ ಕುತ್ತು ಬಂದಿತ್ತು. ಬದುಕಿದ್ದೇ ಹೆಚ್ಚು. ಡಾಕ್ಟರು ಒಂದು ಕಾರ್ಡು ಬರೆದು ಅವನ ಹೆಂಡತಿ ವನಜಾಕ್ಷಿಯ ಕೈಗೆ ಕೊಟ್ಟಿದ್ದರು. ಅವಳು ಅದನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುವುದನ್ನು ಕಂಡು ರತ್ನಾಕರನಿಗೆ ತಡೆಯಲಾಗಲಿಲ್ಲ. ಇಷ್ಟು ಮುಖ್ಯವಾದದ್ದನ್ನು ತರಕಾರಿ ಚೀಟಿಯ ಜೊತೆ ಇಡುವುದೇ? ಅವತ್ತೇ ಕಸಿದುಕೊಂಡು ಲಾಕರಿಗೆ ಹಾಕಿದ. ಆಮೇಲೆ ವರ್ಗವಾದ ಊರೂರಿಗೆಲ್ಲ ಕಾರ್ಡೂ ಬಂತು, ಲಾಕರಿನಿಂದ ಲಾಕರಿಗೆ. ಮಗಳಿಗೆ ಕೊಡೋಣವೆಂದರೆ ಅವಳು ವರ್ಷಕ್ಕೆ ಎರಡು ಕೊಡೆ ಕಳೆಯುವವಳು. ಫೋಟೋ ತೆಗೆದು ಫೋನಿನಲ್ಲಿ ಇಡುವುದೆಂದರೆ, ಅವನ ಪ್ರಕಾರ, ಬೀದಿಯ ಗೋಡೆಗೆ ಅಂಟಿಸಿದ ಹಾಗೆ. ಮುಖ್ಯವಾದದ್ದೆಲ್ಲ ಬೀಗದೊಳಗಿರಬೇಕು. ಮೂವತ್ತನಾಲ್ಕು ವರ್ಷದ ನೌಕರಿ ಅವನಿಗೆ ಕಲಿಸಿದ್ದು ಅದನ್ನೇ.

ಪೂಜೆಗೆ ಬ್ಯಾಂಕು ನಾಲ್ಕು ದಿನ ಮುಚ್ಚಿತ್ತು. ಮುಚ್ಚಿದ್ದರೇನು, ಮ್ಯಾನೇಜರ್ ಅವನೇ ಅಲ್ಲವೇ ಎಂದರೆ, ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ. ಒಂದು ಅವನ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ್ ಮಿಹಿರ್ ಬಾಬುವಿನ ಬಳಿ. ಎರಡೂ ಒಟ್ಟಿಗೆ ತಿರುಗದೆ ಬಾಗಿಲು ಜಪ್ಪಯ್ಯ ಎಂದರೂ ತೆರೆಯದು. ಒಬ್ಬನೇ ಮನುಷ್ಯನನ್ನು ಯಾವತ್ತೂ ನಂಬಬಾರದು, ಅದೇ ಇದರ ಸೊಗಸು ಎಂದು ಹೊಸದಾಗಿ ಸೇರಿದವರಿಗೆಲ್ಲ ಅವನು ಕೊರೆಯುತ್ತಿದ್ದ.

ಮಿಹಿರ್ ಬಾಬುಗೆ ಫೋನು ಮಾಡಿದ. ಆತ ಬಾಂಕುಡಾ ಕಡೆಯ ತನ್ನ ಹಳ್ಳಿಯಲ್ಲಿ, ಮನೆತನದ ಪೂಜೆಯಲ್ಲಿದ್ದ. ವಿಷಯ ಕೇಳಿದ್ದೇ ಪಾಪ, ಉಟ್ಟ ಬಟ್ಟೆಯಲ್ಲೇ ಹೊರಟೆ ಸಾರ್ ಎಂದ. ಆದರೆ ಬಸ್ಸು ಹಿಡಿದು, ರೈಲು ಹತ್ತಿ ಹೌರಾ ಸೇರುವಷ್ಟರಲ್ಲಿ ಏನಿಲ್ಲವೆಂದರೂ ಸಂಜೆ ಏಳು. ಆಗಿನ್ನೂ ಬೆಳಗಿನ ಹತ್ತೂಕಾಲು.

ಬಚ್ಚಲಿನ ಬಾಗಿಲು ಅರ್ಧ ತೆರೆಯಿತು. ಒಳಗೆ ಇಬ್ಬರು ನಿಲ್ಲುವಷ್ಟು ಜಾಗವಿಲ್ಲದೆ ವನಜಾಕ್ಷಿ ಹೊಸ್ತಿಲಲ್ಲೇ ನಿಂತಿದ್ದಳು.

"ಕೇಳಿದ್ರಾ, ನಾನೊಂದು ಮಾತು..."

"ಈಗ ಬೇಡ ವನಜ. ತಲೆ ಸರಿ ಇಲ್ಲ."

ಉಡುಪಿಯಲ್ಲಿರುವ ಭಾವ, ಅಕ್ಕನ ಗಂಡ ಅಶ್ವತ್ಥನಾರಾಯಣನಿಗೆ ಫೋನು ಮಾಡಿದ. ಆ ನರ್ಸಿಂಗ್ ಹೋಮಿದ್ದ ಜಾಗದಲ್ಲಿ ಈಗ ಮದುವೆ ಹಾಲ್ ಉಂಟು ಮಾರಾಯ, ಡಾಕ್ಟರು ಹೋಗಿ ಹತ್ತು ವರ್ಷ ಆಯ್ತು ಎಂದ ಭಾವ. ರತ್ನಾಕರ ಕಣ್ಣು ಮುಚ್ಚಿ ಕಾರ್ಡನ್ನು ನೆನಪಿಸಿಕೊಳ್ಳಲು ನೋಡಿದ. ನೀಲಿ ಅಂಚು ನೆನಪಿಗೆ ಬಂತು, ಮೊಹರು ಬಂತು, ಕೆಳಗಿನ ಸಹಿ ಕೂಡ ಬಂತು. ಮಧ್ಯದ ಎರಡು ಸಾಲು ಮಾತ್ರ ಬರಲೇ ಇಲ್ಲ. ಜೋಪಾನ ಮಾಡುವ ಭರದಲ್ಲಿ ಅವನು ಅದನ್ನು ಸರಿಯಾಗಿ ಓದಿಯೇ ಇರಲಿಲ್ಲವೇನೋ.

ಗಲ್ಲಿಗೆ ಎರಡೂ ಕಡೆ ಬಿದಿರು ಕಟ್ಟಿದ್ದರು. ಒಂದು ಸೈಕಲ್ಲೂ ಹೊರಗೆ ಹೋಗುವಂತಿರಲಿಲ್ಲ, ಹೋದರೂ ಎಲ್ಲಿಗೆ? ಬಚ್ಚಲಿನ ನಾಲ್ಕು ಗೋಡೆ ಒತ್ತಿಕೊಂಡು ಬಂದವು. ಜೇಬಿನಲ್ಲಿದ್ದ ಬೀಗದಕೈ ತೊಡೆಗೆ ಚುಚ್ಚುತ್ತಿತ್ತು. ಮಗಳು ಅಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ, ತಾನು ಇಲ್ಲಿ ಬಕೆಟ್ಟಿನ ಮೇಲೆ ಕೂತಿದ್ದೇನೆ. ಅವನಿಗೆ ಅಳು ಬಂತು. ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಮತ್ತೆ ಇಂಚರಳ ಫೋನು.

"ಅಂಕಲ್, ಇನ್ನರ್ಧ ಗಂಟೆ ಅಷ್ಟೇ ಕಾಯೋದಂತೆ. ಒಡೆದ್ರೆ ವಿಷ ಹರಡತ್ತಂತೆ. ಕಾರ್ಡ್ ಇಲ್ದಿದ್ರೆ ಬೇಡ, ಅವತ್ತು ಏನಾಯ್ತು ಅಂತ ಹೇಳಿದ್ರೂ ಸಾಕು ಅಂತಿದಾರೆ ಡಾಕ್ಟ್ರು. ಮೈ ಕೆರೆತ ಬಂತಾ, ಉಸಿರು ಕಟ್ತಾ, ಏನಾಯ್ತು? ನೀವು ನೋಡಿದ್ರಲ್ವಾ?"

ರತ್ನಾಕರ ನೋಡಿರಲಿಲ್ಲ. ಅವತ್ತು ಮಾರ್ಚ್ ಮೂವತ್ತೊಂದು, ಬ್ಯಾಂಕಿನ ವಾರ್ಷಿಕ ಕ್ಲೋಸಿಂಗ್. ಅವನು ಶಿವಮೊಗ್ಗದ ಶಾಖೆಯಲ್ಲಿದ್ದ. ಆಸ್ಪತ್ರೆಗೆ ಬಂದದ್ದು ಮೂರನೇ ದಿನ.

ತಲೆ ಎತ್ತಿದ. ವನಜಾಕ್ಷಿ ಇನ್ನೂ ಹೊಸ್ತಿಲಲ್ಲೇ ಇದ್ದಳು.

"ವನಜ, ನೀನು..."

"ಫೋನ್ ಕೊಡಿ ಇತ್ಲಾಗಿ," ಅಂದಳು. "ನನಗೆ ಇಂಗ್ಲಿಷ್ ಬರುದಿಲ್ಲ, ಆ ಹುಡುಗಿಗೆ ಕನ್ನಡ ಬರ್ತದಲ್ಲ."

ಅವನು ಎದ್ದು ಗೋಡೆಗೆ ಒತ್ತಿ ನಿಂತ. ಅವಳು ಬಕೆಟ್ಟಿನ ಮೇಲೆ ಕೂತಳು.

"ಇಂಚರ, ಒಂದೊಂದೇ ಹೇಳ್ತೇನೆ, ನೀನು ಡಾಕ್ಟರಿಗೆ ಹೇಳು. ಕೆರೆತ ಇಲ್ಲ, ಮೈ ಊದಿರ್ಲಿಲ್ಲ. ಮದ್ದು ಕೊಟ್ಟದ್ದೇ ದವಡೆ ಕಚ್ಚಿಕೊಂಡಿತು, ಬಾಯಿ ಬಿಡಿಸ್ಲಿಕ್ಕೇ ಆಗ್ಲಿಲ್ಲ. ಕೈಕಾಲು ಮರದ ಹಾಗೆ ಗಟ್ಟಿ. ಆಮೇಲೆ ಜ್ವರ, ನೂರಾ ಏಳು. ನರ್ಸು ಓಡಿ ಬಂದು ಐಸ್ ಬೇಕು ಅಂದಳು. ನಾನು ರಿಕ್ಷಾದಲ್ಲಿ ಮಲ್ಪೆಗೆ ಹೋಗಿ ಮೀನಿನ ಐಸ್ ಎರಡು ಗೋಣಿ ತಂದೆ. ಮಗುವನ್ನ ಅದರಲ್ಲೇ ಮಲಗಿಸಿದ್ರು. ಮೂತ್ರ ಎರಡು ದಿನ ಹಾಲು ಹಾಕದ ಚಾದ ಬಣ್ಣ ಇತ್ತು."

ಆ ಕಡೆಯಿಂದ ಇಂಚರ ಇಂಗ್ಲಿಷಿನಲ್ಲಿ ಹೇಳುವುದು, ಯಾರೋ ಗಂಡಸು ಅವಸರದಲ್ಲಿ ಪ್ರಶ್ನೆ ಹಾಕುವುದು ಕೇಳಿಸಿತು.

"ಆಂಟಿ, ಮನೇಲಿ ಇನ್ಯಾರಿಗಾದ್ರೂ ಆಪರೇಷನ್ ಟೈಮಲ್ಲಿ ಹೀಗಾಗಿತ್ತಾ ಅಂತ ಕೇಳ್ತಿದಾರೆ."

"ನನ್ನ ಅಣ್ಣನಿಗೆ," ವನಜಾಕ್ಷಿಯ ದನಿ ಸ್ವಲ್ಪ ಕುಗ್ಗಿತು. "ಕಾಲು ಮುರಿದದ್ದಕ್ಕೆ ಆಪರೇಷನ್ ಮಾಡ್ಲಿಕ್ಕೆ ಹೋಗಿ ಟೇಬಲಿನ ಮೇಲೆಯೇ ಹೋದ. ಜ್ವರ ನೆತ್ತಿಗೇರಿತು ಅಂದಿದ್ರು."

ಆ ಅಣ್ಣ ಮದುವೆಗೆ ಮುಂಚೆಯೇ ತೀರಿಕೊಂಡದ್ದು ಗೊತ್ತಿತ್ತು, ಹೇಗೆ ಎಂಬುದು ರತ್ನಾಕರನಿಗೆ ಗೊತ್ತಿರಲಿಲ್ಲ. ಕಾರ್ಡಿನಲ್ಲಿ ಅದು ಖಂಡಿತ ಇರಲಿಲ್ಲ.

ಇಂಚರ ಮತ್ತೆ ಬಂದಾಗ ಅವಳ ಉಸಿರು ಹಗುರಾಗಿತ್ತು. "ಡಾಕ್ಟರಿಗೆ ಪೂರ್ತಿ ಗೊತ್ತಾಯ್ತಂತೆ ಆಂಟಿ. ಇದು ವಂಶದಲ್ಲಿ ಬರೋದಂತೆ. ಮೂಗಿಗೆ ಕೊಡೋ ಗ್ಯಾಸ್ ಮುಟ್ಟಲ್ಲ, ರಕ್ತನಾಳಕ್ಕೆ ಬೇರೆ ಇಂಜೆಕ್ಷನ್ ಕೊಡ್ತಾರೆ. ಅಕಸ್ಮಾತ್ ಜ್ವರ ಏರಿದ್ರೆ ಬೇಕಾಗೋ ಔಷಧಿನೂ ಪಕ್ಕದಲ್ಲೇ ಇಟ್ಕೋತಾರಂತೆ. ಈಗ್ಲೇ ಒಳಗೆ ಕರ್ಕೊಂಡು ಹೋಗ್ತಿದಾರೆ."

ಎರಡು ಗಂಟೆ ಇಪ್ಪತ್ತು ನಿಮಿಷ. ಇಬ್ಬರೂ ಬಚ್ಚಲು ಬಿಟ್ಟು ಕದಲಲಿಲ್ಲ. ಅವನು ಒದ್ದೆ ನೆಲದಲ್ಲಿ, ಅವಳು ಬಕೆಟ್ಟಿನ ಮೇಲೆ, ಫೋನು ಅವಳ ಮಡಿಲಲ್ಲಿ. ಹೊರಗೆ ಢಾಕು ಬಡಿಯುತ್ತಲೇ ಇತ್ತು. ಕೊನೆಗೆ ಫೋನು ಹೊಡೆದುಕೊಂಡಾಗ ಅದನ್ನು ಎತ್ತಲು ರತ್ನಾಕರನಿಗೆ ಧೈರ್ಯ ಬರಲಿಲ್ಲ. ವನಜಾಕ್ಷಿಯೇ ಎತ್ತಿದಳು. ಆಪರೇಷನ್ ಆಯಿತು, ಎಚ್ಚರ ಬಂದಿದೆ, ಜ್ವರ ಇಲ್ಲ.

ರತ್ನಾಕರ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತ. ಆಮೇಲೆ ಮಿಹಿರ್ ಬಾಬುಗೆ ಫೋನು ಮಾಡಿ, ಬರುವುದು ಬೇಡ, ವಾಪಸ್ಸು ಹೋಗಿ ಪೂಜೆ ಮುಗಿಸಿ ಎಂದ.

"ಇಷ್ಟೆಲ್ಲ ನೆನಪಿತ್ತು ನಿನಗೆ," ಅಂದ ಹೆಂಡತಿಗೆ. "ಇಪ್ಪತ್ತು ವರ್ಷದಲ್ಲಿ ಒಂದು ದಿನ ಹೇಳ್ಬಾರ್ದಿತ್ತಾ?"

"ಹೇಳ್ಲಿಕ್ಕೆ ಶುರು ಮಾಡಿದ್ದೆ. ಮೂರನೇ ದಿನ ನೀವು ಬಂದ್ರಲ್ಲ, ಆಗ. ನೀವು ಕಾರ್ಡ್ ನೋಡ್ತಾ ಇದ್ರಿ."

ಅವನು ಕಾಲು ಮಡಚಿಕೊಂಡು ಅವಳ ಕಡೆ ತಿರುಗಿ ಕೂತ.

"ಈಗ ಹೇಳು. ಮೊದಲಿನಿಂದ ಹೇಳು."

ವನಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೆಳಿಗ್ಗೆ ಎಂಟು ಗಂಟೆ," ಅಂದಳು. "ಒಳಗೆ ಕರ್ಕೊಂಡು ಹೋಗ್ಲಿಕ್ಕೆ ಬಂದ್ರು. ಅವಳು ನನ್ನ ಕೈ ಬಿಡ್ಲಿಲ್ಲ. ಅಪ್ಪ ಬರುವ ತನಕ ಕಾಯುವ ಅಂದಳು."