ಕೊಡ ಹೊತ್ತವಳ ಮಾತು

ಕೆಲವು ನುಡಿಗಳು ತಮ್ಮ ಮೇಲೆ ತಾವೇ ಕಾವಲು ಇಟ್ಟುಕೊಂಡಿರುತ್ತವೆ. ತುರ್ಕಿಯವರ ಕ್ರಿಯಾಪದ ಕಣ್ಣಾರೆ ಕಂಡದ್ದನ್ನು ಹೇಳುವಾಗ ಒಂದು ಬಾಲ ಕಟ್ಟಿಕೊಂಡರೆ, ಕೇಳಿದ್ದನ್ನೋ ಊಹಿಸಿದ್ದನ್ನೋ ಹೇಳುವಾಗ ಬೇರೊಂದು ಬಾಲ ಕಟ್ಟಿಕೊಳ್ಳುತ್ತದೆ. ನಮಗೆ ‘ಅಂತೆ’ ಇದೆ, ‘ಇರಬೇಕು’ ಇದೆ. ಬೆಟ್ಟದ ಬುಡದಲ್ಲಿದ್ದ ಒಂದು ಊರಿನ ಭಾಷೆಯಲ್ಲಿ ಇವು ಯಾವುವೂ ಇರಲಿಲ್ಲ. ಅಲ್ಲಿ ಆ ಕೆಲಸ ಕೈಗಳದು.

ಯಾರಿಂದಲೋ ಕೇಳಿದ ಸುದ್ದಿಯನ್ನು ಕಿವಿ ಹಿಡಿದುಕೊಂಡು ಹೇಳಬೇಕು. ಗುರುತು ನೋಡಿ ಊಹಿಸಿದ್ದಾದರೆ ಮೂಗಿನ ಮೇಲೆ ಬೆರಳಿಡಬೇಕು. ಸಂಶಯವಿದ್ದರೆ ಅಂಗೈ ಮಗುಚಬೇಕು. ಕೈ ಎತ್ತದೆ ಆಡಿದ ಮಾತು ಕಂಡ ಮಾತು. ಅದಕ್ಕೆ ಎದುರು ಪ್ರಶ್ನೆ ಇಲ್ಲ.

ಈ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದವರು ಊರಿನಲ್ಲಿ ಇಬ್ಬರೇ ಎಂಬುದು ಹಿರಿಯಮ್ಮನ ನಂಬಿಕೆ: ಒಬ್ಬಳು ತಾನು, ಇನ್ನೊಬ್ಬಳು ತೀರಿಹೋದ ತನ್ನ ಅತ್ತೆ. ಈಗಿನವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕಿವಿ ಹಿಡಿಯಿರಿ ಎಂದರೆ ಸೊಳ್ಳೆ ಓಡಿಸಿದಂತೆ ಕೈ ಬೀಸುವವರು. ಮೂಗಿಗೆ ಹೋದ ಬೆರಳಿನಿಂದ ಮೂಗು ತುರಿಸಿಕೊಂಡು ಸುಮ್ಮನಾಗುವವರು. ಅವಳ ಸ್ವಂತ ಸೊಸೆಯೇ ಒಂದು ಬೆಳಿಗ್ಗೆ, “ಅತ್ತೆ, ಹಾಲು ಕೆಟ್ಟಿದೆ” ಎಂದಳು.

“ಕುಡಿದು ನೋಡಿದೆಯಾ?”

“ಇಲ್ಲ ಅತ್ತೆ. ವಾಸನೆ ಬರುತ್ತಿದೆ.”

“ಹಾಗಾದರೆ ಬೆರಳೆಲ್ಲಿ? ಮೂಗಿನಲ್ಲಿ ಮೂಗುತಿ ಇದ್ದರೆ ಸಾಕೇ? ಇವತ್ತು ಹಾಲು, ನಾಳೆ ಒಂದು ಸಂಸಾರ. ಹೀಗೇ ಕಣೇ ಊರು ಹಾಳಾಗುವುದು!”

ಸೊಸೆ ಮೂಗಿನ ಮೇಲೆ ಬೆರಳಿಟ್ಟು, ಹಾಲು ಕೆಟ್ಟಿದೆ ಎಂದು ಮತ್ತೊಮ್ಮೆ ಹೇಳಿದಳು. ಅಷ್ಟು ಹೊತ್ತಿಗೆ ಹಾಲು ಒಡೆದು ಮೊಸರಾಗಿತ್ತು. ಸಿಡುಕುತ್ತಲೇ ಹಿರಿಯಮ್ಮ ಕೊಡಗಳನ್ನು ಎತ್ತಿಕೊಂಡು ಕೆರೆಗೆ ಹೋದಳು.

ಕೆರೆಯ ನೀರು ಕೆಂಪಾಗಿತ್ತು. ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸ ಮಾಡುವವಳು ಒಬ್ಬಳೇ, ಹಿಂದಿನ ವರ್ಷ ಎಲ್ಲಿಂದಲೋ ಬಂದು ನೆಲೆಸಿದ ಬಣ್ಣದವಳು. ಹಿರಿಯಮ್ಮ ಪಕ್ಕದ ಒರತೆಯಲ್ಲಿ ತಿಳಿನೀರು ತುಂಬಿಕೊಂಡು, ಒಂದು ಕೊಡವನ್ನು ತಲೆಯ ಮೇಲೆ, ಇನ್ನೊಂದನ್ನು ಸೊಂಟದ ಮೇಲೆ ಇಟ್ಟುಕೊಂಡು ಹಿಂದಿರುಗಿದಳು. ದಾರಿಯಲ್ಲಿ ನೆರೆಮನೆಯ ದೇವೀರಕ್ಕ ಎದುರಾದಳು.

“ಕೆರೆಗೆ ಹೋಗಬೇಡ ಕಣೇ. ಬಣ್ಣದವಳು ಬಟ್ಟೆ ಅದ್ದುವ ಬಾನಿಯನ್ನೇ ತಂದು ಸುರಿದಿದ್ದಾಳೆ” ಎಂದಳು ಹಿರಿಯಮ್ಮ. ಬಿಸಿಲು ಏರುತ್ತಿತ್ತು, ಕುತ್ತಿಗೆ ನೋಯುತ್ತಿತ್ತು. ಅವಳು ನಿಲ್ಲದೆ ಮುಂದೆ ಹೋದಳು.

ಮಧ್ಯಾಹ್ನ, ಕೆರೆ ಕೆಡಿಸಿದವಳನ್ನು ಊರು ಬಿಡಿಸಬೇಕೆಂದು ಅರಳಿಕಟ್ಟೆಯಲ್ಲಿ ಜನ ಸೇರಿದರು. ಊರ ಯಜಮಾನ ತನ್ನ ಹೊಸ ಮನೆಯ ಗೋಡೆ ಕೆಲಸ ಬಿಟ್ಟು ನೇರವಾಗಿ ಬಂದಿದ್ದ. ಪಾದಗಳಿಗೆ ಮೆತ್ತಿದ್ದ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು. ನಡುವೆ ಬಣ್ಣದವಳು ನಿಂತಿದ್ದಳು. ಅವಳ ಎರಡೂ ಕೈ ಮೊಣಕೈಯವರೆಗೆ ಕಡುನೀಲಿ.

“ಯಜಮಾನರೇ, ನನ್ನ ಬಾನಿಗಳಲ್ಲಿ ಇರುವುದು ನೀಲಿ” ಎಂದಳು ಬಣ್ಣದವಳು. “ನನ್ನ ಮನೆಯನ್ನೆಲ್ಲ ಜಾಲಾಡಿದರೂ ಕೆಂಪು ಎಂದು ಸಿಗುವುದು ಹಣೆಯ ಕುಂಕುಮ ಒಂದೇ. ಬಾನಿಗಳನ್ನು ನೆಲದಲ್ಲಿ ಹೂತಿದ್ದೇನೆ. ಕಿತ್ತರೆ ಒಡೆಯುತ್ತವೆ. ಊರು ಬಿಡು ಎಂದರೆ ಅನ್ನ ಬಿಡು ಎಂದ ಹಾಗೆ.”

“ನೀಲಿಯೇ ಬಿಸಿಲಿಗೆ ಕೆಂಪಾಗುತ್ತದೆ” ಎಂದ ಒಬ್ಬ, ಮೂಗಿನ ಮೇಲೆ ಬೆರಳಿಟ್ಟು.

“ಹೌದು, ನೀಲಿ ಬಿಸಿಲಿಗೆ ಕೆಂಪಾಗುತ್ತದೆ” ಎಂದ ಅವನ ಪಕ್ಕದವನು, ಕೈ ಕಟ್ಟಿಕೊಂಡು.

ಹಿರಿಯಮ್ಮ ಸೆರಗು ಸಿಕ್ಕಿಸಿಕೊಂಡು ನುಗ್ಗಿಯೇ ಬಂದಳು. “ಏನಯ್ಯಾ ಇದು, ಬಾಯಿಗೆ ಬಂದದ್ದೆಲ್ಲ ಮಾತೇ? ಇವಳು ಸುರಿದದ್ದನ್ನು ಕಂಡವರು ಯಾರು?”

ಸೇರಿದವರೆಲ್ಲ ಕಿವಿ ಹಿಡಿದುಕೊಂಡರು. ಎಷ್ಟೋ ವರ್ಷಗಳ ಮೇಲೆ ಊರು ಇಷ್ಟು ಅಚ್ಚುಕಟ್ಟಾಗಿ ಕಿವಿ ಹಿಡಿದದ್ದನ್ನು ನೋಡಿ ಹಿರಿಯಮ್ಮನಿಗೆ ಒಂದು ಗಳಿಗೆ ಸಮಾಧಾನವೇ ಆಯಿತು.

“ನೀವೇ ಕಂಡದ್ದು” ಎಂದರು ಎಲ್ಲರೂ.

“ನಾನೇ? ನಾನು ಊಹಿಸಿದ್ದು!” ಅವಳ ಬೆರಳು ಮೂಗಿಗೆ ಹಾರಿತು.

ದೇವೀರಕ್ಕ ಮುಂದೆ ಬಂದಳು. ಅವಳ ಕೈಗಳು ಸೊಂಟದ ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿದ್ದವು. “ನಾನು ಎದುರಿಗೇ ಇದ್ದೆ. ಹಿರಿಯಮ್ಮನ ಕೈ ಮೂಗಿಗೂ ಹೋಗಲಿಲ್ಲ, ಕಿವಿಗೂ ಹೋಗಲಿಲ್ಲ.”

“ಕೈಯಲ್ಲಿ ಕೊಡ ಇತ್ತು ಕಣೇ!”

“ಇಳಿಸಬಹುದಿತ್ತಲ್ಲ ಅಮ್ಮಾ. ನೀವೇ ಅಲ್ಲವೇ ನನ್ನ ಮಗಳಿಗೆ ಹೇಳಿಕೊಟ್ಟದ್ದು, ಕೂಸು ಅಳುತ್ತಿದ್ದರೂ ಕೆಳಗೆ ಮಲಗಿಸಿ ಕಿವಿ ಹಿಡಿದು ಮಾತಾಡು ಎಂದು?”

ಹಿರಿಯಮ್ಮ ಬಣ್ಣದವಳ ಕಡೆ ತಿರುಗಿ, “ತಪ್ಪು ನನ್ನದಮ್ಮ. ನಾನು ಬಣ್ಣ ನೋಡಿದೆ, ಯಾವ ಬಣ್ಣ ಎಂದು ನೋಡಲಿಲ್ಲ” ಎಂದಳು. ಆಮೇಲೆ ಯಜಮಾನನಿಗೆ, “ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ” ಎಂದಳು.

ಯಜಮಾನ ಎದ್ದು ನಿಂತು ಕೈಮುಗಿದ. “ಅಮ್ಮಾ, ನೀವು ಕೈ ಎತ್ತದೆ ಆಡಿದ ಮಾತನ್ನು ಸುಳ್ಳು ಎನ್ನುವ ಧೈರ್ಯ ಈ ಊರಿನಲ್ಲಿ ಯಾರಿಗಿದೆ? ನಿಮಗೂ ಇಲ್ಲ.” ಹೊತ್ತು ಮುಳುಗುವುದರೊಳಗೆ ಬಣ್ಣದವಳು ಊರು ಬಿಡಬೇಕೆಂದು ತೀರ್ಮಾನವಾಯಿತು. ದಯೆಯಿಂದ ಒಂದು ಎತ್ತಿನ ಗಾಡಿಯನ್ನೂ ಕೊಟ್ಟರು.

ಹಿರಿಯಮ್ಮ ಬೀದಿ ಬೀದಿ ತಿರುಗಿ ತಾನು ಕಂಡಿಲ್ಲವೆಂದು ಹೇಳಿದಳು. ಜನ ಗೌರವದಿಂದ ಕೇಳಿಸಿಕೊಂಡರು. ಅವಳು ಮೂಲೆ ತಿರುಗುವುದರೊಳಗೆ, “ಹಿರಿಯಮ್ಮ ಕಂಡಿಲ್ಲ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು, ಪದ್ಧತಿಯಂತೆ ಕಿವಿ ಹಿಡಿದುಕೊಂಡು. ಅವಳ ಸುಳ್ಳು ಕೈಬೀಸಿಕೊಂಡು ಊರು ಸುತ್ತಿತ್ತು. ಅವಳ ನಿಜ ಕಿವಿ ಹಿಡಿದುಕೊಂಡು ಅದರ ಹಿಂದೆ ಕುಂಟುತ್ತಿತ್ತು. ಇವರಿಗೆ ಇದನ್ನೆಲ್ಲ ಕಲಿಸಿದ ದಿನಕ್ಕೆ ಬೆಂಕಿ ಬೀಳಲಿ ಎಂದು ಶಪಿಸುತ್ತ ಅವಳು ಮತ್ತೆ ಕೆರೆಗೆ ಹೋದಳು.

ಈ ಸಲ ಈಚೆ ದಡದಲ್ಲಿ ನಿಲ್ಲದೆ ಏರಿಯ ಮೇಲೆ ನಡೆದು ಆಚೆ ದಡ ಮುಟ್ಟಿದಳು. ಅಲ್ಲಿ ಯಜಮಾನನ ಹೊಸ ಮನೆಗೆಂದು ಕೆಮ್ಮಣ್ಣು ಅಗೆದ ದೊಡ್ಡ ಗುಂಡಿ ಬಾಯಿ ತೆರೆದಿತ್ತು. ಗುಂಡಿಯಲ್ಲಿ ಒರತೆಯ ನೀರು ಉಕ್ಕಿ, ಮಣ್ಣು ಕದಡಿಕೊಂಡು, ಸಣ್ಣ ತೋಡಿನ ಹಾಗೆ ಕೆರೆಗೆ ಇಳಿಯುತ್ತಿತ್ತು. ಹಿರಿಯಮ್ಮ ಕೂತು ನೋಡಿದಳು. ನೀರಿಗೆ ಕೈ ಹಾಕಿ ನೋಡಿದಳು. ಮೂಗಿಗೆ, ಕಿವಿಗೆ, ಸಂಶಯಕ್ಕೆ ಇಲ್ಲಿ ಕೆಲಸವೇ ಇರಲಿಲ್ಲ.

ಕಟ್ಟೆಗೆ ಓಡಿ ಬಂದಾಗ ಬಣ್ಣದವಳ ಗಾಡಿಗೆ ಎತ್ತು ಹೂಡುತ್ತಿದ್ದರು. ಹಿರಿಯಮ್ಮ ನಡುವೆ ನಿಂತು ಎರಡೂ ಕೈಗಳನ್ನು ಒನಕೆಗಳಂತೆ ನೆಟ್ಟಗೆ ಇಳಿಬಿಟ್ಟಳು. ಒಂದು ಬೆರಳೂ ಅಲುಗದಂತೆ ನೋಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಕೆರೆ ಕೆಂಪಾದದ್ದು ಯಜಮಾನರ ಮಣ್ಣಿನ ಗುಂಡಿಯಿಂದ.”

ಎಲ್ಲರೂ ಮೊದಲು ಅವಳ ಕೈಗಳನ್ನು ನೋಡಿದರು, ಆಮೇಲೆ ಯಜಮಾನನ ಪಾದಗಳನ್ನು, ಆಮೇಲೆ ಬೇರೆಲ್ಲೋ ನೋಡಿದರು.

“ಅಯ್ಯೋ, ಬೆಳಗಿನಿಂದ ಎಷ್ಟು ಓಡಾಡಿದ್ದಾರೆ ಪಾಪ” ಎಂದಳು ದೇವೀರಕ್ಕ ಮೆತ್ತಗೆ. “ಕೈ ಎತ್ತುವುದಕ್ಕೂ ತ್ರಾಣ ಉಳಿದಿಲ್ಲ.”

ಅವಳು ಹತ್ತಿರ ಬಂದು, ಕೆಸರು ಮೆತ್ತಿದ್ದ ಹಿರಿಯಮ್ಮನ ಬಲಗೈಯನ್ನು ತಾಯಿಯ ಕೈ ಹಿಡಿದಷ್ಟು ಪ್ರೀತಿಯಿಂದ ಹಿಡಿದು ಮೇಲೆತ್ತಿದಳು. ಹಿರಿಯಮ್ಮ ಕೊಸರಿಕೊಂಡಳು. ಇನ್ನಿಬ್ಬರು ಬಂದು ಭುಜಕ್ಕೆ ಆಸರೆ ಕೊಟ್ಟರು. ಬೆರಳು ಮೂಗನ್ನು ಮುಟ್ಟಿತು. ಮೂಗಿನ ತುದಿ ಕೆಂಪಾಯಿತು.

“ಈಗ ಹೇಳಿ ಅಮ್ಮಾ” ಎಂದ ಯಜಮಾನ. “ಕೇಳುತ್ತಿದ್ದೇವೆ.”