ಗೇರ್‌ಬಾಕ್ಸ್ ಕೂರಿಸಿದ ದಿನ

ಪದ್ಮಯ್ಯ ಧಣಿಗಳ ಅಂಬಾಸಿಡರ್ ಕಾರಿನ ಅಡಿಯಲ್ಲಿ ಚಿನ್ನಯ್ಯ ಅಂಗಾತ ಮಲಗಿದ್ದ. ಬೆನ್ನಿನಡಿ ಒಂದು ಹರಕು ಗೋಣಿ. ಚಕ್ರಗಳ ಅಡಿಗೆ ಮುರಕಲ್ಲಿನ ಅಟ್ಟಿ. ಎದೆಯ ಮೇಲೆ ಗೇರ್‌ಬಾಕ್ಸ್. ಅದರ ಭಾರ ಒಂದು ಮುಡಿ ಅಕ್ಕಿಯಷ್ಟು. ಅದನ್ನು ಎದೆಯಿಂದಲೇ ಮೇಲೆತ್ತಿ, ಅದರ ಮೂತಿಯ ಹಲ್ಲು ಕ್ಲಚ್ ಪ್ಲೇಟಿನ ಹಲ್ಲಿಗೆ ಸರಿಯಾಗಿ ಕೂರಿಸಬೇಕು. ಒಂದು ನೂಲು ಆಚೀಚೆ ಆದರೆ ಕೂರುವುದಿಲ್ಲ. ನಾಲ್ಕು ಸಲ ಎತ್ತಿದ. ನಾಲ್ಕು ಸಲವೂ ಅದು ಎದೆಗೇ ಬಂದು ಬಿತ್ತು.

ಕಾರಿನ ಹಳೇ ಗೇರ್‌ಬಾಕ್ಸಿನ ಹಲ್ಲು ಉದುರಿ ತಿಂಗಳಾಗಿತ್ತು. ಮೂಡುಬಿದಿರೆಯ ಗುಜರಿಯಿಂದ ಬೇರೊಂದು ಬಂದದ್ದು ನಿನ್ನೆ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಸಮೇತ. ಇವತ್ತು ಹನ್ನೊಂದಕ್ಕೆ ಪೇಟೆಯಲ್ಲಿ ವಿಚಾರಣೆ. ಯಾರದ್ದು? ಚಿನ್ನಯ್ಯನದ್ದೇ!

ಎಪ್ಪತ್ತೇಳನೇ ಇಸವಿ ಅದು. ಉತ್ತವನಿಗೆ ಭೂಮಿ ಅಂತ ಸರಕಾರ ಹೇಳಿ ಮೂರು ವರ್ಷ ಆಗಿತ್ತು. ಚಿನ್ನಯ್ಯನ ಅಪ್ಪ ಉತ್ತ ಗದ್ದೆ, ಚಿನ್ನಯ್ಯ ಉಳುವ ಗದ್ದೆ. ಆದರೆ ದಾಖಲೆ, ಪಟ್ಟೆ ಎಲ್ಲ ಧಣಿಗಳ ಹೆಸರಿನಲ್ಲಿ. ಗದ್ದೆ ತನ್ನ ಹೆಸರಿಗೆ ಆಗಬೇಕು ಅಂತ ಅವನೂ ಅರ್ಜಿ ಹಾಕಿದ್ದ, ಅದರದ್ದೇ ವಿಚಾರಣೆ ಇವತ್ತು. ಹುಡುಗನಾಗಿದ್ದಾಗ ಬಸ್ಸಿನಲ್ಲಿ ಕ್ಲೀನರ್ ಆಗಿ ಕಲಿತ ರಿಪೇರಿ ಮಾತ್ರ ಅವನ ಬೆನ್ನು ಬಿಡಲಿಲ್ಲ. ಧಣಿಗಳ ಕಾರು ಕೆಮ್ಮಿದರೂ ಸಾಕು, ನೇಗಿಲು ಬಿಟ್ಟು ಓಡಬೇಕು. ಸಂಬಳವಾ? ಎಂತದ್ದು ಸಂಬಳ! ಒಂದು ಲೋಟ ಚಾ, ಅದೂ ಅಂಗಳದಲ್ಲಿ.

ನಿನ್ನೆ ಅವನು ಕೈ ಮುಗಿದು ಹೇಳಿದ್ದ. "ಧಣಿ, ನಾಳೆ ವಿಚಾರಣೆ ಉಂಟಲ್ಲ. ಎಂಟರ ಬಸ್ಸಿಗೆ ಹೋಗ್ತೇನೆ. ನಾಡಿದ್ದು ಗೇರ್‌ಬಾಕ್ಸ್ ಕೂರಿಸುವ."

"ಎಂತ ಮಾರಾಯ ನೀನು! ನನಗೂ ಅಲ್ಲಿಗೇ ಹೋಗ್ಲಿಕ್ಕಿರುದಲ್ವಾ? ಬೆಳಿಗ್ಗೆ ಬೇಗ ಬಂದು ಮುಗಿಸು. ಒಟ್ಟಿಗೇ ಹೋಗುವ, ಮುಂದಿನ ಸೀಟಿನಲ್ಲಿ ಕೂತುಕೋ. ನಮ್ಮ ನಡುವೆ ಎಂತ ಜಗಳವಾ?"

ಚಿನ್ನಯ್ಯನನ್ನು ಪೆದ್ದ ಅನ್ನಬೇಡಿ. ಧಣಿ ನಕ್ಕು ಮಾತಾಡಿದರೆ ಇಲ್ಲ ಅನ್ನುವ ನಾಲಿಗೆ ಅವನ ಮನೆತನದಲ್ಲೇ ಯಾರಿಗೂ ಇರಲಿಲ್ಲ.

ಐದನೇ ಸಲ ಗೇರ್‌ಬಾಕ್ಸ್ ಕೂತಿತು. ಬೋಲ್ಟು ಬಿಗಿದ. ಶಾಫ್ಟ್ ಸಿಕ್ಕಿಸುವಾಗ ಅದರ ಎರಡು ತುದಿಯ ಕವಲು ಒಂದೇ ನೇರಕ್ಕೆ ಬರಬೇಕು. ಬಾರದಿದ್ದರೆ ಓಡುವಾಗ ಕಾರು ಇಡೀ ನಡುಗುತ್ತದೆ. ಒಂದು ಹಲ್ಲು ತಪ್ಪಿ ಕೂತಿತ್ತು. ಹಾಗೇ ಬಿಡಬಹುದಿತ್ತು, ಹೊತ್ತಾಗಿತ್ತು. ಅವನಿಗೆ ಮನಸ್ಸು ಬರಲಿಲ್ಲ. ಬಿಚ್ಚಿ, ತಿರುಗಿಸಿ, ಮತ್ತೆ ಸಿಕ್ಕಿಸಿದ. ಅರ್ಧ ಗಂಟೆ ಅಲ್ಲೇ ಹೋಯಿತು.

ಹೊರಗೆ ಬಂದಾಗ ಹತ್ತು ದಾಟಿತ್ತು. ಹೆಂಡತಿ ರಾಜೀವಿ ಒಗೆದ ಅಂಗಿ ಹಿಡಿದು ತೋಟದ ಬೇಲಿಯ ದಣಪೆಯ ಹತ್ತಿರ ನಿಂತಿದ್ದಳು. ಅಂಗಿ ಹಾಕಿಕೊಂಡ. ಸೀಮೆಎಣ್ಣೆಗೆ ಕೈ ಚಾಚುವಾಗ ಧಣಿ ಹಾರ್ನ್ ಹೊಡೆದರು.

"ಒಂದು ನಿಮಿಷ ಧಣಿ, ಕೈ ತೊಳೀತೇನೆ."

"ಕೈಯನ್ನು ಯಾರು ನೋಡ್ತಾರೆ ಮಾರಾಯ! ಹತ್ತು, ಹತ್ತು."

ಹತ್ತಿದ. ಮುಂದಿನ ಸೀಟು. ಕಾರು ಬೆಣ್ಣೆಯ ಹಾಗೆ ಓಡಿತು. ಎರಡನೇ ಗೇರು, ಮೂರನೇ ಗೇರು, ಒಂದು ಚೂರು ಸದ್ದಿಲ್ಲ. "ಭಾರೀ ಲಾಯ್ಕ ಮಾಡಿದ್ದಿ," ಅಂದರು ಧಣಿ. ಚಿನ್ನಯ್ಯನಿಗೆ ಹೆಮ್ಮೆಯೇ ಆಯಿತು ಅನ್ನಿ.

ಕಚೇರಿಯಲ್ಲಿ ಗುರುವಪ್ಪ ಕಾಯುತ್ತಿದ್ದ. ಧಣಿಗಳದ್ದೇ ಇನ್ನೊಬ್ಬ ಒಕ್ಕಲು ಅವನು. ಸಾಕ್ಷಿ ಹೇಳಲಿಕ್ಕೆ ಬಸ್ಸಿನಲ್ಲಿ ಬಂದಿದ್ದ.

"ಗೇಣಿ ಕೊಡ್ತಿದ್ದೀಯಾ?" ವಿಚಾರಣೆಯ ಸಾಹೇಬರು ಚಿನ್ನಯ್ಯನನ್ನು ಕೇಳಿದರು.

"ಹೌದು ಸ್ವಾಮಿ. ಅಪ್ಪನ ಕಾಲದಿಂದ. ಅಕ್ಕಿಯೇ ಅಳೆದದ್ದು."

"ರಶೀದಿ ಉಂಟಾ?"

"ಅದನ್ನು ಯಾರು ಕೊಡ್ತಾರೆ ಸ್ವಾಮಿ?"

ಧಣಿ ಮೆಲ್ಲ ಎದ್ದರು. ಅದೇ ನಗು.

"ಸ್ವಾಮಿ, ಇವ ನನ್ನ ಕಾರಿನ ಕೆಲಸದವ. ಸಂಬಳದ ಬದಲಿಗೆ ಒಂದು ತುಂಡು ಗದ್ದೆ ಬಿಟ್ಟುಕೊಟ್ಟಿದ್ದೇನೆ, ಪಾಪ ಅಂತ. ಬೇಸಾಯ ಮಾಡಿಸುದು ನಾನೇ. ಬೇಕಾದರೆ ಅವನ ಕೈ ನೋಡಿ."

"ಕೈ ತೋರಿಸು."

ಚಿನ್ನಯ್ಯ ಕೈಗಳನ್ನು ಬೆನ್ನ ಹಿಂದೆ ಒಯ್ದ. ಸಾಹೇಬರು ಮತ್ತೆ ಹೇಳಿದರು. ಮುಂದೆ ಚಾಚಿದ. ಉಗುರಿನ ಸಂದಿಯಿಂದ ಮೊಣಕೈವರೆಗೆ ಕಪ್ಪು. ಗೇರ್ ಆಯಿಲಿನ ವಾಸನೆ ಮೇಜಿನಾಚೆ ಸಾಹೇಬರ ಮೂಗಿಗೆ ಬಡಿಯಿತು.

"ಇದು ಯಾವಾಗ ಆದದ್ದು?"

"ಇವತ್ತು ಬೆಳಿಗ್ಗೆ, ಸ್ವಾಮಿ. ಧಣಿಗಳ ಕಾರಿಗೆ ಗೇರ್‌ಬಾಕ್ಸ್..." ಸುಳ್ಳು ಹೇಳಲಿಕ್ಕೆ ಅವನಿಗೆ ಬರುತ್ತಿರಲಿಲ್ಲ. "ಆದರೆ ಸ್ವಾಮಿ, ಉಳುವವ ನಾನೇ. ಮೊನ್ನೆ ತಾನೇ ಸುಗ್ಗಿ ಬೆಳೆಗೆ ಭತ್ತದ ನೇಜಿ ನೆಟ್ಟಿದ್ದೇನೆ. ಗುರುವಪ್ಪಣ್ಣನ ಹತ್ತಿರ ಕೇಳಿ!"

ಗುರುವಪ್ಪನನ್ನು ಕೇಳಿದರು. ಗುರುವಪ್ಪ ಧಣಿಗಳ ಮುಖ ನೋಡಿದ, ಆಮೇಲೆ ನೆಲ ನೋಡಿದ. ಸಾಕ್ಷಿ ಹೇಳದೆಯೇ ಹಿಂದೆ ಸರಿದು ನಿಂತ.

ಸಾಹೇಬರು ಬರೆದುಕೊಂಡರು. ಒಕ್ಕಲು ಅಲ್ಲ, ಕೂಲಿಯವ. ಅರ್ಜಿ ವಜಾ. ಅಪ್ಪನ ಕಾಲದ ಗದ್ದೆ ಹೋಗಲಿಕ್ಕೆ ಒಂದು ಚಾ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ.

ಹೊರಗೆ ಧಣಿ ಕಾರಿನ ಬಾಗಿಲು ತೆಗೆದು, "ಬಾ ಮಾರಾಯ, ಹತ್ತು," ಅಂದರು. ಚಿನ್ನಯ್ಯ ಅಲುಗಲಿಲ್ಲ. ಧಣಿ ಹೆಗಲು ಕುಣಿಸಿ ಕಾರು ಬಿಟ್ಟುಕೊಂಡು ಹೋದರು. ಅವನ ಕಿವಿ ತನ್ನಷ್ಟಕ್ಕೇ ಕೇಳಿತು: ಎರಡನೇ ಗೇರು, ಮೂರನೇ ಗೇರು. ಸದ್ದಿಲ್ಲ. ಆ ಕಿವಿಯನ್ನೇ ಕಿತ್ತು ಎಸೆಯುವಷ್ಟು ಸಿಟ್ಟು ಬಂತು ಅವನಿಗೆ. ಹೆಂಡತಿಗೆ ಎಂತ ಹೇಳುದು? ನೆಟ್ಟ ನೇಜಿಯನ್ನು ಎಂತ ಮಾಡುದು? ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ.

ಗುರುವಪ್ಪ ಹತ್ತಿರ ಬಂದು ಕೂತ.

"ನನ್ನ ನಾಲಿಗೆ ಬಿದ್ದು ಹೋಗಲಿ, ಚಿನ್ನಯ್ಯ."

ಚಿನ್ನಯ್ಯ ಮೊಣಕಾಲಿನ ನಡುವೆ ತಲೆ ತೂರಿಸಿದ.

"ಬರುವ ಸೋಮವಾರ ನನ್ನ ವಿಚಾರಣೆ," ಅಂದ ಗುರುವಪ್ಪ. "ಬೆಳಿಗ್ಗೆ ಮನೆಗೆ ಸುಣ್ಣ ಹೊಡೀಲಿಕ್ಕೆ ಬಾ ಅಂದಿದ್ದಾರೆ ಧಣಿ. ಆಮೇಲೆ ಕಾರಿನಲ್ಲಿ ಒಟ್ಟಿಗೇ ಹೋಗುವ ಅಂತ."

ಚಿನ್ನಯ್ಯ ತಲೆ ಎತ್ತಿದ. ಆ ಕಪ್ಪು ಕೈಯಿಂದಲೇ ಗುರುವಪ್ಪನ ರಟ್ಟೆ ಗಟ್ಟಿ ಹಿಡಿದ.

"ಹೋಗಬೇಡ. ಬೆಳಿಗ್ಗೆ ನಿನ್ನ ಗದ್ದೆಯ ಕೆಸರಿಗಿಳಿ, ಅಲ್ಲಿಂದ ನೇರ ಇಲ್ಲಿಗೆ ಬಾ. ಸಾಕ್ಷಿಗೆ ನಾನೂ ಬರ್ತೇನೆ, ನಮ್ಮ ಬೈಲಿನವರನ್ನೆಲ್ಲ ಕರ್ಕೊಂಡು ಬರ್ತೇನೆ. ಕಾಲು ತೊಳೀಬೇಡ ಗುರುವಪ್ಪಣ್ಣ, ಕೇಳಿತಾ? ಕಾಲು ತೊಳೀಬೇಡ."