ಶೇವಂತೆವ್ವ ವೈನಿಯ ಅಕ್ಕಡಿ ಸಾಲು

ಇದನ್ನು ಹೇಳಲು ಹೊರಟಿದ್ದಕ್ಕೆ ಓದುವವರು ಕ್ಷಮಿಸಬೇಕು. ನಾನು ಧಾರವಾಡದಲ್ಲಿ ಹಮಾಲಿ ಮಾಡುತ್ತ, ಸಂಜೆಯ ಶಾಲೆಯಲ್ಲಿ ಅಕ್ಷರ ಕಲಿತವನು. ಕಲಿತದ್ದು ಸ್ವಲ್ಪ. ಆ ಸ್ವಲ್ಪದಿಂದಲೇ ಇದು ಆಯಿತು.

ಹೆಬ್ಬಳ್ಳಿಯ ನಮ್ಮ ಹೊಲದಲ್ಲಿ ಜೋಳದ ನಡುನಡುವೆ ಅಕ್ಕಡಿ ಸಾಲು ಇರುತ್ತಿತ್ತು. ತೊಗರಿ, ಮಡಿಕೆಕಾಳು, ಅಲಸಂದಿ, ಪುಂಡಿ, ಗುರೆಳ್ಳು. ಒಂದೊಂದು ಒಂದೊಂದು ಹೊತ್ತಿಗೆ ಬಲಿಯುತ್ತದೆ. ಬಿಡಿಸುವುದು, ಬಡಿಯುವುದು, ಬೀಜಕ್ಕೆ ಆರಿಸಿ ಬೂದಿ ಹಚ್ಚಿ ಗಂಟು ಕಟ್ಟುವುದು, ಎಲ್ಲ ನಮ್ಮಣ್ಣ ಅರ್ಜುನಪ್ಪನ ಹೆಂಡತಿ ಶೇವಂತೆವ್ವ ವೈನಿಯ ಕೆಲಸ. ಚುಕ್ಕೆ ಚುಕ್ಕೆಯ ಅಲಸಂದಿ ಅವಳ ತವರಿನದು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ವೈನಿಗೆ ಕ್ಷಯ ಹತ್ತಿತು. ನಾಲ್ಕು ಹೆಜ್ಜೆ ಕಳೆ ತೆಗೆಯುವಷ್ಟರಲ್ಲಿ ಬದುವಿನ ಮೇಲೆ ಕೂಡುವಳು. ೧೯೬೦ರಲ್ಲಿ ಅಣ್ಣ ಬರೀ ಜೋಳ ಬಿತ್ತಿದ. ಮರುವರ್ಷವೂ ಹಾಗೆಯೇ ಎಂದಾಗ ವೈನಿ ಬಿಡಲಿಲ್ಲ.

“ಇನ್ನೊಂದು ವರ್ಷ ಇಟ್ರ ಬೀಜ ಹುಟ್ಟೂದಿಲ್ರಿ. ಒಂದೊಂದು ಸಾಲರ ಹಾಕ್ರಿ. ತಿನ್ನಾಕಲ್ಲ, ಬೀಜ ಉಳೀಲಿ.”

“ಬಿಡಸಾವ್ರು ಯಾರು? ನನಗೇನ ನಾಕ ಕೈ ಅದಾವೇನು?”

“ನಾ ಬಿಡಸ್ತೇನಿ, ಕುಂತಕೊಂಡರ.”

ಅಣ್ಣ ಒಪ್ಪಿದ. ಬಿತ್ತಿಗೆಗೆ ನಾನು ರಜೆ ಹಾಕಿ ಬರುತ್ತೇನೆಂದೆ.

ಆ ಬೇಸಿಗೆಯಲ್ಲಿ ದವಾಖಾನೆಯಿಂದ ಒಂದು ಅಚ್ಚಿನ ಕಾಗದ ತಂದಿದ್ದರು. ನಾನು ಅವ್ವನಿಗೆ ಓದಿ ಹೇಳಿದೆ. ರೋಗಿಯ ಪಾತ್ರೆ, ಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕಬೇಕು ಎಂದಿತ್ತು. ಅವ್ವನ ತೊಡೆಯ ಮೇಲೆ ವೈನಿಯ ಎರಡು ವರ್ಷದ ಮಗಳು ಮಲಗಿತ್ತು. ನನಗೆ ಹೆದರಿಕೆಯಾಯಿತು.

“ಪಾತ್ರಿ ಅಷ್ಟ ಅಲ್ಲ ಯವ್ವಾ, ಆಕಿ ಮುಟ್ಟಿದ್ದೆಲ್ಲಾ ಕುದಿಯೂ ನೀರಿಗೆ ಹಾಕು” ಎಂದೆ.

ಕಾಗದದಲ್ಲಿ ಹಾಗಿರಲಿಲ್ಲ. ಇರಬೇಕಿತ್ತು ಎಂದು ನನಗೆ ಅನ್ನಿಸಿತ್ತು.

ಮೃಗಶಿರ ಮಳೆಗೆ ಅಣ್ಣ ಕೂರಿಗೆ ಹೂಡಿದ. ನಾನು ಹಿಂದೆ ಹಿಂದೆ ಬಿದಿರಿನ ಕೊಳವೆಯಲ್ಲಿ ಅಕ್ಕಡಿ ಕಾಳು ಬಿಡುತ್ತ ನಡೆದೆ. ಅಲಸಂದಿಯ ಸಿಪ್ಪೆ ಸುಕ್ಕುಗಟ್ಟಿತ್ತು, ಚುಕ್ಕೆ ಮಸುಕಾಗಿತ್ತು. ಹಳೆಯ ಬೀಜ ಹೀಗೇ ಇರಬಹುದು ಎಂದುಕೊಂಡೆ. ಕೇಳಿದರೆ, ಪೇಟೆ ಸೇರಿ ಕಾಳನ್ನೇ ಮರೆತ ಎಂದು ಅಣ್ಣ ನಕ್ಕಾನು ಎಂದು ಕೇಳಲಿಲ್ಲ.

ಹತ್ತನೆಯ ದಿನ ವೈನಿ ನನ್ನ ಹೆಗಲು ಹಿಡಿದು ಹೊಲಕ್ಕೆ ಬಂದಳು. ಜೋಳ ಬೆರಳುದ್ದ ಎದ್ದಿತ್ತು. ಅಕ್ಕಡಿ ಸಾಲು ಐದೂ ಬರಿದು, ಕರಿ ಮಣ್ಣು ಮಾತ್ರ. ವೈನಿ ಕುಕ್ಕರಿಸಿ ಬೆರಳಿನಿಂದ ಕೆದರಿದಳು. ಒಂದು ಅಲಸಂದಿ ಸಿಕ್ಕಿತು. ಹಿಸುಕಿದರೆ ಬೆರಳಿಗೆಲ್ಲ ಹಿಟ್ಟಿನಂತೆ ಹತ್ತಿಕೊಂಡಿತು.

“ಇದು ಬೆಂದದ” ಎಂದಳು. ಇನ್ನೊಂದು ತೆಗೆದಳು. ಮತ್ತೊಂದು. “ರಾಮಪ್ಪಾ, ಇವೆಲ್ಲಾ ಬೆಂದಾವ!”

ಹೇಗೆ ಬೆಂದವು ಎಂದು ಅವಳು ಕೇಳುವ ಮೊದಲೇ ನನಗೆ ತಿಳಿದಿತ್ತು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ವೈನಿ ಬೆರಳಿಗೆ ಹತ್ತಿದ್ದನ್ನು ತೋರಿಸಿ ಬೀಜಕ್ಕೆ ಏನಾಯಿತೆಂದು ಕೇಳಿದಳು.

“ಒಂದ ಮುಳುಗು ಹಾಕಿ ತಗದು ಒಣಗಿಸಿದ್ನೆವಾ. ಅಷ್ಟಕ್ಕ ಬೀಜ ಸಾಯೂದಿಲ್ಲ ಅನಕೊಂಡೆ. ಕೂಸಿಗೆ ಹತ್ತಬಾರ್ದಂತ...”

“ಎಲ್ಲಾ ಗಂಟೂ?”

“ಎಲ್ಲಾ.”

“ಹಿಂಗ ಮಾಡಂತ ಯಾರ ಹೇಳಿದ್ರು ಅತ್ತೀ?”

ಅವ್ವನ ಕಣ್ಣು ಒಮ್ಮೆ ನನ್ನ ಮೇಲೆ ಬಂದು ಹಂಚಿಗೆ ಹೋಯಿತು. “ಯಾರ ಹೇಳ್ತಾರ? ನನ್ನ ಹಾಳ ಬುದ್ಧಿ.”

ನಾನು ಕಂಬ ಹಿಡಿದು ನಿಂತಿದ್ದೆ. ಹೇಳಿದವನು ನಾನು ಎನ್ನಲಿಲ್ಲ. ವೈನಿ ಬೆರಳಿಗೆ ಹತ್ತಿದ್ದನ್ನು ತೊಳೆಯದೆ ಬಹಳ ಹೊತ್ತು ಹಾಗೆಯೇ ಕುಳಿತಿದ್ದಳು.

ಔಷಧ ತೆಗೆದುಕೊಂಡು ಎರಡು ವರ್ಷಕ್ಕೆ ಅವಳು ಗುಣವಾದಳು. ಆಗ ನಮ್ಮ ಹೊಲದಲ್ಲಿ ಜೋಳ, ಹತ್ತಿ ಬಿಟ್ಟರೆ ಬೇರೇನೂ ಇರಲಿಲ್ಲ. ತೊಗರಿ, ಮಡಿಕೆ ಬೇರೆಯವರಲ್ಲಿ ಸಿಗುತ್ತಿದ್ದವು. ಅವಕ್ಕೂ ಅವಳು ಕೈಯೊಡ್ಡಲಿಲ್ಲ. ನಾನು ಅವಳ ತವರಿಗೆ ಹೋಗಿ ಆ ಅಲಸಂದಿಗಾಗಿ ಮನೆಮನೆ ಕೇಳಿದೆ. ಅಲ್ಲಿಯೂ ಯಾರೂ ಇಟ್ಟಿರಲಿಲ್ಲ. ಎಲ್ಲಾದರೂ ಉಳಿದಿದೆಯೋ, ತಿಳಿಯದು.

ಗುಳಿಗೆಯ ಚೀಟಿ ಓದಲು ಕೂತಾಗಲೆಲ್ಲ ವೈನಿ, “ಏನ ಬರದಾರ ಅಷ್ಟ ಓದಪ್ಪಾ” ಎನ್ನುತ್ತಿದ್ದಳು. ಅವ್ವ ಅವಳಿಗೆ ಹೇಳಿದ್ದಳೋ, ಅವಳೇ ತಿಳಿದಿದ್ದಳೋ, ಅಥವಾ ಸುಮ್ಮನೆ ಆಡಿದ ಮಾತೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.